ಹದಿಮೂರಕ್ಕೂ ಹದಿನೆಂಟಕ್ಕೂ ನಡುವೆ ಓದುವುದೇನನ್ನು?

ಮಾನ್ಯ ಪುಸ್ತಕ ಮಂಜೂರಾತಿ ಅಧಿಕಾರಿಗಳೇ,

ಕೃಷ್ಣರಾಜನಗರದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಜೋಡಿಸಿಟ್ಟಿದ್ದ ಕಥೆಪುಸ್ತಕಗಳನ್ನು ತಾವು ಕಪಾಟಿಗೆ ಸೇರಿಸಿ ಬೀಗ ಜಡಿದು, ಬೀಗದ ಕೈಯನ್ನು ಮೈಸೂರಿಗೆ ಕೊಂಡೊಯ್ದಿದ್ದೀರಿ. ನನ್ನ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ, ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದೇನೆ.

ತಮ್ಮ ಕಚೇರಿ ನಮಗೆ ಪುಸ್ತಕವನ್ನೇ ಕೊಡಲಿಲ್ಲವೆಂದು ಹೇಳಿದರೆ ನನ್ನ ನಾಲಿಗೆಯಲ್ಲಿ ಹುಳು ಬಿದ್ದೀತು. ಹೊಗೆಸೊಪ್ಪಿನ ಬೇಸಾಯ, ರೇಷ್ಮೆಹುಳುವಿನ ರೋಗಗಳು, ಬಾಣಂತಿಯ ಆರೈಕೆ, ಪತಿಸೇವೆಯ ಫಲ, ಎಲ್ಲವೂ ಬಂದಿವೆ. ಎಳೆಯರಿಗೆಂದು ಕಾಗೆ ಗುಬ್ಬಿಯ ಕಥೆಗಳೂ ಬಂದಿವೆ. ಹದಿಮೂರರ ಹುಡುಗಿಯ ಕೈಗೆ ಇವುಗಳಲ್ಲಿ ಯಾವುದನ್ನು ಇಡಲಿ? ತಮ್ಮ ಎಣಿಕೆಯಂತೆ ಹೆಣ್ಣು ಗುಬ್ಬಿಯ ಗೂಡಿನಿಂದ ಹಾರಿ ನೇರವಾಗಿ ಬಾಣಂತಿಕೋಣೆಯಲ್ಲಿ ಇಳಿಯುತ್ತಾಳೆಯೆ? ನಡುವೆ ಅವಳಿಗೊಂದು ವಯಸ್ಸು ಬರುವುದೇ ಇಲ್ಲವೆ?

ನಾನು ಹುಡುಗಿಯರನ್ನೇ ಕೇಳಿದೆ. "ದೆವ್ವದ ಕತೆ ಬೇಕು ಕಣ್ರಮ್ಮ, ಎದ್ರಿಕೆ ಆಗಂಗಿರ್ಬೇಕು" ಎಂದಳು ರೈತರ ಮನೆಯ ಪುಟ್ಟಮಲ್ಲಮ್ಮ. ಪಾತ್ರೆಗಳಿಗೆ ಕಲಾಯಿ ಹಾಕುವ ಜಬ್ಬಾರ್ ಸಾಹೇಬರ ಮಗಳು ಜೀನತುನ್ನೀಸಾ ತುಸು ಯೋಚಿಸಿ, "ಒಬ್ಳೇ ಎಲ್ಲಿಗಾದ್ರೂ ಹೋಗೋ ಹುಡ್ಗಿ ಕತೆ ಐತಾ ಅಮ್ಮೋರೇ?" ಎಂದಳು. ರಜೆಯಲ್ಲಿ ರೈಲು ಹತ್ತಿ ಮೈಸೂರಿಗೆ ಹೋದೆ. ಪರಿಚಿತರ ಮನೆಗಳಲ್ಲಿ ಬೇಡಿ ಚೀಲ ತುಂಬ ಕಥೆಗಳನ್ನು ಹೊತ್ತು ತಂದೆ. ಅಂದಿನಿಂದ ಊಟಕ್ಕೆ ಬಿಟ್ಟರೂ ಹುಡುಗಿಯರು ಮನೆಯ ಕಡೆ ಹೊರಡುತ್ತಿರಲಿಲ್ಲ. ಪುಸ್ತಕಕ್ಕಾಗಿ ಜಡೆ ಹಿಡಿದು ಜಗಳವಾಡುತ್ತಿದ್ದರು.

ಅದೇ ವರ್ಷ ಜೀನತುನ್ನೀಸಾಳನ್ನು ಶಾಲೆ ಬಿಡಿಸಿದರು. "ಇನ್ಮೇಲೆ ಹುಡ್ಗಿ ಈಚೆಗೆ ಬರೋ ಹಂಗಿಲ್ಲಮ್ಮ" ಎಂದ ಜಬ್ಬಾರ್ ಸಾಹೇಬರು, ನನ್ನ ಮುಖ ನೋಡಿ ತಾವೇ ಸೇರಿಸಿದರು: "ಪುಸ್ತಕ ಒಳಕ್ಕೆ ಬರ್ಲಿ. ಪುಸ್ತಕಕ್ಕೇನು ಗೋಷಾ ಇಲ್ವಲ್ಲ." ಅವರಿಗಿದ್ದ ಉದಾರತೆ ಸರ್ಕಾರಕ್ಕೂ ಇದ್ದೀತೆಂದು ನಂಬಿ ನಾನು ಪುಸ್ತಕ ಕಳಿಸತೊಡಗಿದೆ.

ಆಗ ತಮ್ಮ ತನಿಖೆ ಬಂತು. ತಾವು ಒಂದು ಪುಸ್ತಕ ತೆರೆದಿರಿ. ಅದರಲ್ಲಿ ಕುದುರೆಯೇರಿದ ಹುಡುಗಿಯ ಚಿತ್ರವಿತ್ತು. "ಇದನ್ನು ಓದಿದವಳು ಗಂಡನ ಮನೆಯಲ್ಲಿ ನಿಲ್ಲುತ್ತಾಳೆಯೆ?" ಎಂದಿರಿ. ಶಾಲೆಯೊಳಗೆ ಬಂದ ಪುಸ್ತಕವೆಲ್ಲ ಸರ್ಕಾರದ ಸೊತ್ತು, ಶಾಲೆ ಬಿಟ್ಟವರಿಗೆ ಅದನ್ನು ಕೊಡತಕ್ಕದ್ದಲ್ಲ ಎಂದಿರಿ. ಹಾಗಾದರೆ ಪೇಟೆಯ ವಾಚನಾಲಯದಿಂದ ತರಿಸಬಹುದೇ ಎಂದು ಕೇಳಿದೆ. ಹದಿನೆಂಟು ತುಂಬದವರಿಗೆ ಅಲ್ಲಿಯೂ ಇಲ್ಲವಂತೆ. ಒಂದು ಬಾಗಿಲು ಹಿಂದಿನಿಂದ ಮುಚ್ಚಿತು, ಇನ್ನೊಂದು ಮುಂದೆ ತೆರೆದಿಲ್ಲ. ಆ ನಡುವಿನ ಕತ್ತಲೆಯಲ್ಲಿ ನಿಂತ ಮಕ್ಕಳು ತಮ್ಮ ಯಾವ ಇಲಾಖೆಗೆ ಸೇರುತ್ತಾರೆ?

ಜಬ್ಬಾರ್ ಸಾಹೇಬರ ಮನೆಯಲ್ಲಿದ್ದ ಪುಸ್ತಕವನ್ನು ಕೂಡಲೇ ತರಬೇಕೆಂದು ತಾವು ಜವಾನ ಕುಳ್ಳಯ್ಯನನ್ನು ನನ್ನ ಜೊತೆ ಮಾಡಿದಿರಿ. ಅವನು ಹೊರಗೆ ನಿಂತ, ನಾನು ಒಳಗೆ ಹೋದೆ. ಜೀನತುನ್ನೀಸಾ ತಾಯಿ ಬಷೀರಾಬಿಗೆ ಓದಿ ಹೇಳುತ್ತಿದ್ದಳು. ಕಥೆಯ ಹುಡುಗಿ ತಂದೆಯನ್ನು ಹುಡುಕಿಕೊಂಡು ಒಬ್ಬಳೇ ಹೊರಟು, ತುಂಬಿ ಹರಿಯುವ ಹೊಳೆಯ ದಡದಲ್ಲಿ ನಿಂತಿದ್ದಳು.

ನಾನು ಬಂದ ಕಾರಣ ಹೇಳಿದೆ. "ಸ್ವಲ್ಪ ತಡೀರಮ್ಮ, ಅವ್ಳು ದಾಟ್ಕೊಳ್ಲಿ" ಎಂದರು ಬಷೀರಾಬಿ.

"ಅಮ್ಮಾ, ಸ್ಕೂಲಲ್ಲಿ ಸಾಹೇಬ್ರು ಕಾಯ್ತಾವ್ರೆ" ಎಂದು ಹೊರಗಿನಿಂದ ಕುಳ್ಳಯ್ಯ ಕೂಗಿದ.

ಜೀನತುನ್ನೀಸಾ ಪುಸ್ತಕವನ್ನು ದುಪಟ್ಟಾದ ತುದಿಯಿಂದ ಒರೆಸಿ ನನ್ನ ಕೈಗಿಟ್ಟಳು. ಅರ್ಧ ದಾರಿ ಬಂದ ಮೇಲೆ ಕುಳ್ಳಯ್ಯ, "ಅಲ್ಲಮ್ಮಾ, ಆ ಮಗಾ ಒಳೆ ದಾಟ್ತಾ?" ಎಂದು ಕೇಳಿದ. ನಾನು ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಮುಂದೆ ನಡೆದೆ.

ಮೊನ್ನೆ ಮತ್ತೆ ಆ ಮನೆಗೆ ಹೋಗಿದ್ದೆ. "ಈಗ ಮಿಕ್ಕಿದ್ ಕತೇನ ಇವ್ಳೇ ಕಟ್ಟಿ ಹೇಳ್ತಾಳೆ" ಎಂದರು ಬಷೀರಾಬಿ. ಏನಾಗುತ್ತದೆಂದು ಕೇಳಿದೆ. "ಹೊಳೆ ತಂಕ ಹೋಗಿ ಹುಡ್ಗಿ ವಾಪಸ್ ಮನೇಗೆ ಬಂದ್ಬುಡ್ತಾಳೆ. ಎಷ್ಟ್ ಸಲ ಹೇಳ್ಸಿದ್ರೂ ಹಂಗೇ." ಜೀನತುನ್ನೀಸಾ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

ತಾವು ಬಯಸಿದ್ದು ಇದೇ ಆದರೆ, ತಮ್ಮ ಇಲಾಖೆ ಸಫಲವಾಗಿದೆ. ಅಭಿನಂದನೆಗಳು.

ಈ ಪತ್ರ ಅಚ್ಚಾದರೆ ಕಾಕನಕೋಟೆಯ ಕಾಡಂಚಿಗೆ ನನ್ನ ವರ್ಗವಾದೀತೆಂದು ಹಿತೈಷಿಗಳು ಹೆದರಿಸಿದ್ದಾರೆ. ಕೆಲಸ ಬಿಡೋಣವೆಂದರೆ, ಗಂಡನನ್ನು ಕಳೆದುಕೊಂಡ ನನಗೆ ಹೋಗಲು ಬೇರೊಂದು ಮನೆಯಿಲ್ಲ. ಬಿಡದಿದ್ದರೆ ದಿನವೂ ಆ ಕಪಾಟಿನ ಎದುರಿಗೇ ನಿಂತು ಪಾಠ ಹೇಳಬೇಕು. ನಿನ್ನೆ ಪುಟ್ಟಮಲ್ಲಮ್ಮ ಬೀಗವನ್ನು ಎಳೆದು ನೋಡಿ, "ಇದ್ಯಾವಾಗ ತೆಗೀತಾರಮ್ಮ?" ಎಂದಳು. ಅವಳಿಗೆ ಈಗ ಮದುವೆ ನಿಶ್ಚಯವಾಗಿದೆ.

ಆದ್ದರಿಂದ ಒತ್ತಾಯಿಸುತ್ತೇನೆ: ಬೀಗದ ಕೈ ಕಳುಹಿಸಿ. ಶಾಲೆ ಬಿಟ್ಟ ಹುಡುಗಿಯರ ಮನೆಗೂ ಪುಸ್ತಕ ಹೋಗಲೆಂದು ಅಪ್ಪಣೆ ಮಾಡಿ. ಮುಂದೆ ಪುಸ್ತಕ ಕೊಳ್ಳುವ ಮೊದಲು, ಓದುವ ಮಕ್ಕಳನ್ನು ಒಮ್ಮೆಯಾದರೂ ಕೇಳಿ. ಬೇಗ ಮಾಡಿ, ನಮ್ಮ ಹುಡುಗಿಯರ ಬಳಿ ಇರುವ ಕಾಲ ತಮ್ಮ ಕಡತಗಳಿಗಿರುವಷ್ಟು ಉದ್ದವಲ್ಲ.

ಇಂತಿ,
ತೆರೆಯಲಾರದ ಕಪಾಟಿಗೆ ಕಾವಲು ನಿಂತಿರುವ
ಮಂಗಳಮ್ಮ
ಉಪಾಧ್ಯಾಯಿನಿ, ಸದ್ಯಕ್ಕೆ ಕೃಷ್ಣರಾಜನಗರ