ನಿಮ್ಮ ಸಭಾಂಗಣದಲ್ಲಿ ನನ್ನ ಮೈದುನ ಮಾಡಿದ ಕೆಟ್ಟ ಸಹವಾಸ

ಪ್ರಾದೇಶಿಕ ಪ್ರೊಬೇಷನ್ ಮತ್ತು ಪೆರೋಲ್ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಬರುವ ಗುರುವಾರ ನನ್ನ ಮೈದುನನನ್ನು ಮತ್ತೆ ಜೈಲಿಗೆ ಕಳಿಸಲು ತಾವು ಹೊರಟಿದ್ದೀರಿ. ಅವನು ಮಾಡಿದ ತಪ್ಪು ಏನೆಂದರೆ, ತಾವು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು, ತಾವೇ ಹಾಕಿಸಿದ ಬೆಂಚಿನ ಮೇಲೆ ಕೂತದ್ದು. ಈ ವಿಷಯವನ್ನು ತಮಗೆ ಲಕೋಟೆಯಲ್ಲಿಟ್ಟು ಮೂರು ಸಲ ಬರೆದೆ. ಮೂರು ಸಲವೂ 'ತಮ್ಮ ಪತ್ರ ತಲುಪಿದೆ' ಎಂಬ ಉತ್ತರ ಬಂತು. ತಲುಪಿದ್ದು ಬಹಳ ಸಂತೋಷ. ಓದಿದ ಸುದ್ದಿ ಮಾತ್ರ ಬರಲಿಲ್ಲವಾದ್ದರಿಂದ ಈಗ ಬಹಿರಂಗವಾಗಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಲಾಂಡ್ರಿ ನಡೆಸುವವಳು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುತ್ತೇವೆ. ಹಾಗಾಗಿ ದೊಡ್ಡವರ ಕೊಳೆ ನನಗೆ ಹೊಸದಲ್ಲ. ನನ್ನ ಗಂಡನ ತಮ್ಮ ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಒಂದು ದಿನ ಪರಿಚಯದವರಿಬ್ಬರು ಹಾಡಹಗಲೇ ಬಂದು, ಮನೆ ಖಾಲಿ ಮಾಡುತ್ತಿದ್ದೇವೆ ಎಂದು ಕರೆದುಕೊಂಡು ಹೋದರು. ಖಾಲಿ ಮಾಡಿದ ಮನೆ ಅವರದಲ್ಲ ಎಂಬುದು ಅರ್ಧ ದಾರಿಯಲ್ಲಿ ಇವನಿಗೆ ಗೊತ್ತಾಯಿತು. ಆದರೂ ಗಾಡಿ ನಿಲ್ಲಿಸಲಿಲ್ಲ. ಅದು ತಪ್ಪೇ, ಅದನ್ನು ನಾನು ಅವನ ಮುಖಕ್ಕೆ ಹೇಳಿದ್ದೇನೆ. ಮುಂದೆ ಪೊಲೀಸರು ತಡೆದು "ಯಾರ ಸಾಮಾನಪ್ಪ ಇದು?" ಎಂದು ಕೇಳಿದಾಗ, "ಯಾರದು ಅಂತ ಗೊತ್ತಿಲ್ಲ ಸಾರ್, ಇವರದಂತೂ ಅಲ್ಲ" ಎಂದವನು ಇವನೇ. ಎರಡು ವರ್ಷ ಶಿಕ್ಷೆಯಾಯಿತು. ಹದಿಮೂರು ತಿಂಗಳು ಕಳೆದ ಮೇಲೆ, ನಡತೆ ಚೆನ್ನಾಗಿದೆ ಎಂದು ಷರತ್ತಿನ ಮೇಲೆ ಹೊರಗೆ ಬಿಟ್ಟರು. ಉಳಿದ ಹನ್ನೊಂದು ತಿಂಗಳು ತಮ್ಮ ಕಚೇರಿಯ ಕಣ್ಗಾವಲಿನಲ್ಲಿ ನಮ್ಮ ಮನೆಯಲ್ಲಿರಬೇಕು. ಷರತ್ತು ಮುರಿದರೆ ಆ ಹನ್ನೊಂದನ್ನೂ ಒಳಗೇ ಕಳೆಯಬೇಕು.

ನನ್ನ ಮೈದುನನ ಸ್ವಭಾವವನ್ನು ತಾವು ತಿಳಿದುಕೊಳ್ಳಬೇಕು. ಬರೆದದ್ದನ್ನು ಬರೆದ ಹಾಗೇ ನಂಬುವ ಮನುಷ್ಯ ಅವನು. ಔಷಧಿಯ ಬಾಟಲಿಯ ಮೇಲೆ 'ಚೆನ್ನಾಗಿ ಅಲುಗಾಡಿಸಿ' ಎಂದಿದ್ದರೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳುವವರೆಗೆ ಅಲುಗಾಡಿಸುತ್ತಾನೆ. ತಾವು ಕೊಟ್ಟ ಷರತ್ತುಗಳ ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡು ದಿನಾ ಬೆಳಿಗ್ಗೆ ತಲೆ ಬಾಚುವಾಗ ಗಟ್ಟಿಯಾಗಿ ಓದುತ್ತಾನೆ. ಅದರಲ್ಲಿ ಮೂರನ್ನು ಈಗ ನನ್ನ ಗಂಡ ನಿದ್ದೆಯಲ್ಲೂ ಹೇಳುತ್ತಾರೆ. ನಾಲ್ಕನೆಯದು, ಪ್ರತಿ ಮಂಗಳವಾರ ಖುದ್ದಾಗಿ ಹಾಜರಾಗಿ ಸಹಿ ಮಾಡತಕ್ಕದ್ದು. ಏಳನೆಯದು, ಶಿಕ್ಷೆಗೊಳಗಾದ ಯಾವುದೇ ವ್ಯಕ್ತಿಯ ಜೊತೆ ಸಂಪರ್ಕ ಇಟ್ಟುಕೊಳ್ಳಕೂಡದು. ಒಂಬತ್ತನೆಯದು, ಕಚೇರಿಗೆ ಸುಳ್ಳು ಮಾಹಿತಿ ಕೊಡಕೂಡದು.

ಮೊದಲ ಮೂರು ತಿಂಗಳು ಇದರಲ್ಲಿ ಏನೂ ತೊಡಕಿರಲಿಲ್ಲ. ಆಗ ನಮ್ಮ ಬಡಾವಣೆಯಲ್ಲೇ ಚಪ್ಪಲಿ ಅಂಗಡಿಯ ಮೇಲೆ ತಮ್ಮದೊಂದು ಪುಟ್ಟ ಕಚೇರಿಯಿತ್ತು. ಅಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಅಧಿಕಾರಿ, ಇನ್ನೊಂದರಲ್ಲಿ ಬಂದವನು. ಒಬ್ಬ ಇಳಿದ ಮೇಲೆ ಇನ್ನೊಬ್ಬ ಹತ್ತಬೇಕು, ಮೆಟ್ಟಿಲು ಅಷ್ಟು ಕಿರಿದು. ಅಷ್ಟರಲ್ಲಿ ತಾವು ಅಧಿಕಾರಕ್ಕೆ ಬಂದಿರಿ. ಆಡಳಿತ ದಕ್ಷತೆಯ ಹೆಸರಿನಲ್ಲಿ ಅಂಥ ಏಳು ಕಚೇರಿಗಳನ್ನು ಮುಚ್ಚಿಸಿ, ಐದು ಮಹಡಿಯ ಒಂದೇ ಕಟ್ಟಡಕ್ಕೆ ಎಲ್ಲರನ್ನೂ ತಂದಿರಿ. 'ಒಂದೇ ಸೂರಿನಡಿ ಎಲ್ಲ ಸೇವೆ' ಎಂಬ ಫಲಕ ಬಾಗಿಲಲ್ಲೇ ಇದೆ. ಸೇವೆ ಯಾವ ಮಹಡಿಯಲ್ಲಿದೆಯೋ ಕಾಣೆ, ಸೂರಿನಡಿ ಜನರಂತೂ ಇದ್ದಾರೆ.

ಒಂದು ಮಂಗಳವಾರ ನಾನೂ ಅವನ ಜೊತೆ ಬಂದಿದ್ದೆ. ನೆಲಮಹಡಿಯ ಸಭಾಂಗಣದಲ್ಲಿ ಬೆಂಚುಗಳನ್ನು ಎದುರುಬದುರಾಗಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದೀರಿ. ಕೂತರೆ ಎದುರಿನವನ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತದೆ. ಕೂತವರೆಲ್ಲ ಷರತ್ತಿನ ಮೇಲೆ ಹೊರಗೆ ಬಂದವರೇ, ಯಾರ ಏಳನೆಯ ಷರತ್ತು ಯಾರ ಮೊಣಕಾಲಿಗೆ ಮುರಿಯಿತು ಎಂದು ಹೇಳುವುದು ಕಷ್ಟ. ಟೋಕನ್ ನಂಬರ್ ತೋರಿಸುವ ಯಂತ್ರ ಬಂದ ದಿನದ ಪ್ಲಾಸ್ಟಿಕ್ ಹೊದ್ದುಕೊಂಡೇ ನಿಂತಿದೆ. ಅದರ ಬದಲು ಒಬ್ಬ ಜವಾನ ಬಾಗಿಲಲ್ಲಿ ನಿಂತು, ಗುಟ್ಟು ಹೇಳುವವನ ದನಿಯಲ್ಲಿ ನಂಬರ್ ಕರೆಯುತ್ತಾನೆ. ಮುಂದಿನ ಸಾಲಿನವರಿಗೆ ಮಾತ್ರ ಅದು ಕೇಳುತ್ತದೆ. ಹಿಂದಿನ ಸಾಲಿನವನು ಪಕ್ಕದವನನ್ನು "ಎಷ್ಟು ಅಂದ್ರು?" ಎಂದು ಕೇಳದೆ ಗತಿಯಿಲ್ಲ. ಕೇಳದಿದ್ದರೆ ಸರದಿ ತಪ್ಪಿ ನಾಲ್ಕನೆಯ ಷರತ್ತು ಮುರಿಯುತ್ತದೆ, ಕೇಳಿದರೆ ಏಳನೆಯದು. ತಾವು ಐದನೆಯ ಮಹಡಿಯಲ್ಲಿರುವವರು, ಇದನ್ನು ಮೇಲಿಂದ ನೋಡಿದಾಗ ಬಹಳ ದಕ್ಷವಾಗಿ ಕಾಣಬಹುದು.

ತಿಂಗಳ ಕೊನೆಗೆ ಒಂದು ಅರ್ಜಿ ತುಂಬಬೇಕಲ್ಲ, ಅದರಲ್ಲಿ ಹನ್ನೆರಡನೆಯ ಪ್ರಶ್ನೆ ಹೀಗಿದೆ: 'ಕಳೆದ ಮೂವತ್ತು ದಿನಗಳಲ್ಲಿ ಶಿಕ್ಷೆಗೊಳಗಾದ ವ್ಯಕ್ತಿಗಳ ಜೊತೆ ಸಂಪರ್ಕ ಬಂದಿದೆಯೇ? ಬಂದಿದ್ದಲ್ಲಿ ವಿವರ ನೀಡಿ.' ಇಡೀ ಪ್ರದೇಶದ ಜನ ಅಲ್ಲಿ 'ಇಲ್ಲ' ಎಂದು ಬರೆದು ಕೊಟ್ಟರು. ನನ್ನ ಮೈದುನ 'ಹೌದು' ಎಂದು ಬರೆದು, ವಿವರಕ್ಕೆ ಬಿಟ್ಟ ಒಂದೂವರೆ ಗೆರೆ ಸಾಲದೆ, ಕೌಂಟರಿನಲ್ಲಿ ನಾಲ್ಕು ಹಾಳೆ ಕೇಳಿ ಪಡೆದ. ಒಟ್ಟು ನಲವತ್ತಮೂರು ಜನ. ಸ್ಥಳ, ತಮ್ಮ ಸಭಾಂಗಣ. ಹೆಸರು ಕೇಳುವುದು ಇನ್ನೂ ಹೆಚ್ಚಿನ ಸಂಪರ್ಕವಾದೀತು ಎಂದು ಟೋಕನ್ ನಂಬರ್ ಮಾತ್ರ ಬರೆದಿದ್ದ. 'ಟೋಕನ್ 61: ಕಾಲು ಚಾಚಬಹುದೇ ಎಂದು ಕೇಳಿದರು, ಚಾಚಿ ಎಂದೆ. ಟೋಕನ್ 18: ನನ್ನ ಭುಜದ ಮೇಲೆ ನಿದ್ದೆ ಮಾಡಿದರು, ಮಾತುಕತೆ ನಡೆಯಲಿಲ್ಲ.'

ಅವನ ಉಸ್ತುವಾರಿ ನೋಡುವ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೂರಾ ಅರವತ್ತು ಜನರ ಕಡತ ಅವಳೊಬ್ಬಳ ಮೇಜಿನ ಮೇಲಿದೆ, ಅವುಗಳ ಹಿಂದೆ ಅವಳು ಎಲ್ಲೋ ಇದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಹಾಳೆಗಳನ್ನು ಓದಿ ತಲೆ ಹಿಡಿದುಕೊಂಡಳು.

"ಅಣ್ಣಾ, ಸುಮ್ನೆ 'ಇಲ್ಲ' ಅಂತ ಬರೀರಿ. ಎಲ್ಲರೂ ಹಾಗೇ ಬರೆಯೋದು."

"ಒಂಬತ್ತನೇ ಷರತ್ತು ಇದೆಯಲ್ಲ ಮೇಡಂ. ಸುಳ್ಳು ಹೇಳಬಾರದು ಅಂತ."

"ಅದು ಈ ಥರದ್ದಕ್ಕಲ್ಲ ಅಣ್ಣಾ."

"ಯಾವ ಥರದ್ದಕ್ಕೆ ಅಂತ ಒಂದು ಚೀಟೀಲಿ ಬರ್ದು ಸಹಿ ಹಾಕಿ ಕೊಡ್ತೀರಾ?"

ಅವಳು ಬರೆದು ಕೊಡಲಿಲ್ಲ. ಪಾಪ, ಹೇಗೆ ಕೊಟ್ಟಾಳು? ಹಾಳೆಗಳು ಕಂಪ್ಯೂಟರಿಗೆ ಹೋದವು, ನಾಲ್ಕನೆಯ ದಿನ ನಮ್ಮ ಮನೆಗೆ ನೋಟಿಸು ಬಂತು. ಅದರ ಭಾಷೆಯನ್ನು ತಾವು ಓದಿರಲಾರಿರಿ, ಕೆಳಗೆ ತಮ್ಮ ಸಹಿ ಮಾತ್ರ ಇದೆ. 'ಸದರಿ ವ್ಯಕ್ತಿಯು ಪ್ರತಿ ಮಂಗಳವಾರ ಒಂದೇ ಸ್ಥಳದಲ್ಲಿ ನಿಯಮಿತವಾಗಿ ಸೇರುವ, ನಲವತ್ತಕ್ಕೂ ಹೆಚ್ಚು ಅಪರಾಧಿಗಳ ಸಂಘಟಿತ ಗುಂಪಿನ ಜೊತೆ ನಂಟು ಹೊಂದಿರುವುದಾಗಿ ಸ್ವತಃ ಒಪ್ಪಿಕೊಂಡಿದ್ದು, ಬಿಡುಗಡೆಯನ್ನು ಏಕೆ ರದ್ದು ಮಾಡಬಾರದು ಎಂಬ ಬಗ್ಗೆ ಗುರುವಾರ ವಿಚಾರಣೆಗೆ ಹಾಜರಾಗತಕ್ಕದ್ದು.'

ಮಾನ್ಯರೇ, ಗುಂಪು ಸಂಘಟಿತ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅವರಿಗೆ ಜಾಗ ಗೊತ್ತುಮಾಡಿದವರು ಯಾರು? ವಾರ, ಸಮಯ ಗೊತ್ತುಮಾಡಿದವರು ಯಾರು? ಬರದಿದ್ದವರನ್ನು ಹಿಡಿದು ತರಿಸುವವರು ಯಾರು? ಇಂಥ ಗುಂಪಿಗೆ ಒಬ್ಬ ಮುಖ್ಯಸ್ಥ ಇರಲೇಬೇಕು ಎಂದು ಪೊಲೀಸರು ಹುಡುಕಿಕೊಂಡು ಹೊರಟರೆ ನೇರವಾಗಿ ಐದನೆಯ ಮಹಡಿಗೆ ಬರಬೇಕಾಗುತ್ತದೆ. ಬರುವವರು ಲಿಫ್ಟ್ ಕೆಟ್ಟಿದೆ ಎಂಬುದನ್ನು ಗಮನದಲ್ಲಿಡಲಿ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ನೋಟಿಸಿನ ಜೊತೆ ಬಂದ ಆ ನಾಲ್ಕು ಹಾಳೆಗಳ ನಕಲನ್ನು ನಾನು ಪೂರ್ತಿ ಓದಿದ್ದೇನೆ, ಓದಿ ಅತ್ತಿದ್ದೇನೆ. ಅದರಲ್ಲಿ ಟೋಕನ್ 27 ಎಂಬ ಒಬ್ಬ ಮುದುಕರಿದ್ದಾರೆ. ಹತ್ತೊಂಬತ್ತು ವರ್ಷ ಒಳಗಿದ್ದು ಬಂದವರು. ಹೊರಗೆ ಬಂದ ಮೇಲೆ ಮೊಬೈಲಿನಲ್ಲಿ ಮಗಳಿಗೆ ಫೋನ್ ಮಾಡುವುದು ಅವರಿಗೆ ತಿಳಿಯದು. ನನ್ನ ಮೈದುನ ಎರಡು ಮಂಗಳವಾರ ಅವರಿಗೆ ಅದನ್ನು ಕಲಿಸಿದ್ದಾನೆ, ಕಲಿಸಿದ್ದನ್ನು ತಪ್ಪೊಪ್ಪಿಗೆಯ ಹಾಗೆ ಬರೆದುಕೊಟ್ಟಿದ್ದಾನೆ. ಟೋಕನ್ 9 ಎಂಬ ಗಾರೆ ಕೆಲಸದವನು ಇವನಿಗೆ ಒಂದು ಹಾಸಿಗೆ ಕಾರ್ಖಾನೆಯ ವಿಳಾಸ ಕೊಟ್ಟ. ಜೈಲಿಗೆ ಹೋಗಿಬಂದವರನ್ನೂ ಅಲ್ಲಿ ಚಾಲಕರಾಗಿ ತೆಗೆದುಕೊಳ್ಳುತ್ತಾರೆ. ಇವನಿಗೆ ಕೆಲಸ ಸಿಕ್ಕಿತು. ತಮ್ಮ 'ಉದ್ಯೋಗ ನೆರವು ಘಟಕ' ಐದು ತಿಂಗಳಲ್ಲಿ ಕೊಟ್ಟದ್ದು ಒಂದು ಕರಪತ್ರ. ಹೇಳಿ ಮಾನ್ಯರೇ, ನನ್ನ ಮೈದುನ ನೆಟ್ಟಗಾಗಿದ್ದರೆ ಯಾರ ಸಹವಾಸದಿಂದ?

ಆದ್ದರಿಂದ ಬೆಂಚುಗಳ ನಡುವೆ ಗೋಡೆ ಎಬ್ಬಿಸಿ ಎಂದು ನಾನು ಕೇಳುತ್ತಿಲ್ಲ. ಆ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹನ್ನೆರಡನೆಯ ಪ್ರಶ್ನೆಯ ಕೆಳಗೆ 'ಈ ಕಚೇರಿಯ ಸಭಾಂಗಣವನ್ನು ಹೊರತುಪಡಿಸಿ' ಎಂಬ ಒಂದು ಸಾಲು ಸೇರಿಸಿ. ಅದನ್ನು ಸೇರಿಸಲು ಸಮಿತಿ ಬೇಕಾಗಿಲ್ಲ, ಒಂದು ಪೆನ್ನು ಸಾಕು. ಅದೂ ಆಗದಿದ್ದರೆ 'ಇಲ್ಲ' ಎಂದು ಬರೆದ ಎಲ್ಲರಿಗೂ ಸುಳ್ಳು ಮಾಹಿತಿಗಾಗಿ ನೋಟಿಸು ಕೊಟ್ಟು, ಇಡೀ ಪ್ರದೇಶವನ್ನೇ ಒಳಗೆ ಹಾಕಿ. ಅಷ್ಟಾದರೂ ನ್ಯಾಯ ಸಮನಾಗಿರುತ್ತದೆ, ಮತ್ತು ತಮ್ಮ ಕಚೇರಿಯ ದಕ್ಷತೆ ನೂರಕ್ಕೆ ನೂರಾಗುತ್ತದೆ.

ನೋಟಿಸಿನ ಕೊನೆಯ ಸಾಲಿನಲ್ಲಿ, ವಿಚಾರಣೆಗೆ ಬರುವವರು ಕರೆಯುವ ತನಕ ನೆಲಮಹಡಿಯ ಸಭಾಂಗಣದಲ್ಲಿ ಕಾಯತಕ್ಕದ್ದು ಎಂದಿದೆ. ನಿನ್ನೆ ಅವನು ಅದನ್ನು ನನಗೆ ತೋರಿಸಿ ಕೇಳಿದ, "ಅತ್ತಿಗೆ, ಗುರುವಾರ ಅಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಏನ್ ಮಾಡ್ಲಿ?" ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅವನು ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು. ಇದಕ್ಕೆ ಮಾತ್ರ, 'ಮಾತಾಡಬೇಡ' ಎನ್ನಲು ಬಾಯಿ ಬರಲಿಲ್ಲ, 'ಮಾತಾಡಿ ಸುಮ್ಮನಿರು, ಬರೆಯಬೇಡ' ಎಂದು ಕಲಿಸಲು ಮನಸ್ಸು ಬರಲಿಲ್ಲ. ಗುರುವಾರದೊಳಗೆ ತಾವೇ ಅವನಿಗೆ ಉತ್ತರ ಕೊಡಿ. ಲಿಖಿತವಾಗಿ ಕೊಡಿ, ಅವನು ಅದನ್ನು ನಂಬುತ್ತಾನೆ.

ಇಂತಿ,
ತಮ್ಮ ಕಡತದ ಎರಡನೆಯ ಪುಟದಲ್ಲಿ 'ಸುಧಾರಣೆಗೆ ಪೂರಕವಾದ ಮನೆಯ ವಾತಾವರಣ' ಎಂದು ನಮೂದಾಗಿರುವ,
ಅವನ ಅತ್ತಿಗೆ