ಸ್ವಿಚ್ಚಿಗೆ ಸುತ್ತಿದ ತಂತಿ

ಕಾನಹೊಸಹಳ್ಳಿ
18-11-2024

ಚಿಗಟೇರಿಯ ರಾಮಣ್ಣ ಭಾವನವರಿಗೆ ಅಂಜಿನೇಯಲು ಮಾಡುವ ನಮಸ್ಕಾರಗಳು.

ದಸರೆಗೇ ಬರೆಯಬೇಕಿತ್ತು, ತಡವಾಯಿತು, ಸಿಟ್ಟಾಗಬೇಡಿ. ಫೋನ್ ಮಾಡಿದರೆ ನಮ್ಮಕ್ಕ ಜಂಬಕ್ಕ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತಾಳೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮ್ಮ ಸುಟ್ಟ ಕಾಲು ಹೇಗಿದೆ? ಚಳಿಗೆ ಚರ್ಮ ಬಿಗಿಯುತ್ತದೆಯೇ?

ಡಾಂಬರ್ ಪ್ಲಾಂಟಿನಲ್ಲಿ ನೀವು ನೋಡಿಕೊಳ್ಳುತ್ತಿದ್ದ, ಡಾಂಬರ್ ಕರಗಿಸುವ ಎಣ್ಣೆ ಹೀಟರ್ ಹದಿನೈದು ದಿನ ನನ್ನ ಜೀವ ತಿಂದಿತು. ಎಣ್ಣೆಯ ಒತ್ತಡ ಇಳಿದಾಗ ಮಾತ್ರ ಉರಿ ಆರಿಸಬೇಕಾದ ಸ್ವಿಚ್ಚು, ಉರಿ ಹತ್ತಿ ಅರ್ಧ ಗಂಟೆಯೊಳಗೆ ಟಪ್ಪೆಂದು ಬರ್ನರ್ ಆರಿಸಿಬಿಡುವುದು. ಡಾಂಬರ್ ಗಟ್ಟಿಯಾಗುವುದು, ಟಿಪ್ಪರಿನವರು ಸಾಲಾಗಿ ನಿಂತು ಬೈಯುವುದು. ನನಗೆ ಅನುಮಾನ ಬಂದದ್ದು ಹೊಸ ಎಲೆಕ್ಟ್ರಿಷಿಯನ್ ಯರ್ರೆಪ್ಪನ ಮೇಲೆ. ಕೊಟ್ಟೂರಿನವನು. ಅವನು ಬಂದ ವಾರಕ್ಕೇ ಇದು ಶುರುವಾಯಿತು. ನಾನು ಊಟ ಮುಗಿಸಿ ಬಂದಾಗೆಲ್ಲ ಹೀಟರಿನ ಪ್ಯಾನೆಲ್ ಹತ್ತಿರ ನಿಂತಿರುತ್ತಾನೆ, ನನ್ನನ್ನು ನೋಡಿದರೆ ನಗುತ್ತಾನೆ. ನಗುವಂಥದ್ದೇನಿದೆ? ಒಂದು ದಿನ ಪ್ಯಾನೆಲ್ ಬಾಗಿಲ ಸಂದಿಗೆ ಹುಲ್ಲುಕಡ್ಡಿ ಸಿಕ್ಕಿಸಿ ಹೋದೆ. ಬಂದು ನೋಡಿದರೆ ಇದ್ದಲ್ಲೇ ಇತ್ತು. ತೆಗೆದು ಮತ್ತೆ ಇಟ್ಟಿದ್ದಾನೆ ಎಂದುಕೊಂಡೆ.

ಮ್ಯಾನೇಜರ್, "ಸ್ವಿಚ್ಚಿನ ತಲಿ ಕೆಟ್ಟೈತಿ, ತಂತಿ ಸುತ್ತಿ ನಡಸ್ರಿ" ಎಂದರು. ತಂತಿ ಎಂದ ಕೂಡಲೇ ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಎರಡು ವರ್ಷದ ಹಿಂದೆ ಹೀಗೇ ತಂತಿ ಸುತ್ತಿ ಸ್ವಿಚ್ಚನ್ನು ಕುರುಡು ಮಾಡಿದ್ದಕ್ಕಲ್ಲವೇ ಎಣ್ಣೆ ಸಿಡಿದು ನಿಮ್ಮ ಕಾಲು ಸುಟ್ಟದ್ದು? ಹಿಂದಿನ ಪಾಳಿ ನನ್ನದು, ಸುತ್ತಿದವನು ನಾನೇ ಎಂದು ಎಲ್ಲರೂ ಅಂದರು. ಇಲ್ಲ ಎನ್ನಲು ನನಗೂ ಧೈರ್ಯವಾಗಲಿಲ್ಲ. ಸುತ್ತಿ ಮರೆತೆನೋ ಏನೋ ಎಂದು ಈವರೆಗೂ ನನ್ನನ್ನೇ ಅನುಮಾನಿಸಿಕೊಂಡು ಬಂದೆ.

ಯರ್ರೆಪ್ಪ ತಂತಿಗೆ ಒಪ್ಪಲಿಲ್ಲ. "ಸ್ವಿಚ್ ಯಾಕ ಸುಳ್ಳು ಹೇಳ್ತೈತಿ? ಮೊದ್ಲು ಗೇಜಿನ ಮುಳ್ಳು ನೋಡೋಣು ಬಾ" ಎಂದ. ಒತ್ತಡ ತೋರಿಸುವ ಆ ಗೇಜಿನ ಗಾಜಿನ ಮೇಲೆ ಆಯುಧ ಪೂಜೆಯಲ್ಲಿ ನಾನೇ ದಪ್ಪಗೆ ಎಳೆದ ವಿಭೂತಿ. ಮುಳ್ಳೇ ಕಾಣುತ್ತಿರಲಿಲ್ಲ.

"ಒರಸಬ್ಯಾಡ, ಕೇಡಾಗ್ತೈತಿ" ಎಂದೆ.

"ಲೇ ಮಾರಾಯಾ, ದೇವ್ರ ಕಣ್ಣಿಗೇ ವಿಭೂತಿ ಬಳದೀಯಲ್ಲೋ!" ಎಂದು ಒರೆಸಿಯೇಬಿಟ್ಟ.

ಮುಳ್ಳು ನಿಜವಾಗಿಯೂ ಕೆಳಗೆ ಬಿದ್ದಿತ್ತು. ಎಣ್ಣೆ ತಣ್ಣಗಾದ ಮೇಲೆ ಪಂಪಿನ ಜಾಲರಿ ಬಿಚ್ಚಿದರೆ ತುಂಬ ಕರಿ ಹೆಪ್ಪು. ಕೆರೆದು ತೆಗೆದೆವು, ಮುಳ್ಳು ಎದ್ದಿತು. ಮೂರು ದಿನವಾಯಿತು, ಉರಿ ಒಮ್ಮೆಯೂ ಆರಿಲ್ಲ. ಅವನಿಗೆ ಚಹಾ ಕುಡಿಸಿದೆ. ಆದರೂ ಯಾಕೆ ನಗುತ್ತಾನೋ ತಿಳಿಯದು.

ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿರಿ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ. ಅಕ್ಕನಿಗೆ ನನ್ನ ನಮಸ್ಕಾರ, ಹೇಳಬೇಕೆನಿಸಿದರೆ ಹೇಳಿ.

ನಿಮ್ಮ ಭಾಮೈದ
ಅಂಜಿನೇಯಲು

ತಾ.ಕ.: ಅದೇ ದಿನ ಯರ್ರೆಪ್ಪ ಮೂಲೆಯ ಹಳೆಯ ಪಂಪಿನ ಸ್ವಿಚ್ಚನ್ನೂ ಬಿಚ್ಚಿದ. ನಾನು ಕೆಲಸಕ್ಕೆ ಸೇರುವ ಮೊದಲೇ, ನಿಮ್ಮ ಕಾಲದಲ್ಲೇ ನಿಂತ ಪಂಪು ಅದು. ಅದರೊಳಗೂ ತಂತಿ ಇತ್ತು. ಮೂರು ಸುತ್ತು, ಕೈಗೆ ಚುಚ್ಚದ ಹಾಗೆ ತುದಿ ಒಳಕ್ಕೆ ಮಡಚಿದ್ದು. ನಿಮ್ಮ ಕಾಲು ಸುಟ್ಟ ದಿನ ಎಲ್ಲರಿಗೂ ತೋರಿಸಿದ ತಂತಿಯೂ ಹೀಗೇ ಇತ್ತು, ಭಾವ. ಕುರಿಹಟ್ಟಿಯ ಬಾಗಿಲಿಗೆ ನೀವು ಕಟ್ಟುವುದೂ ಹೀಗೇ. ಯಾರಿಗೂ ಹೇಳಿಲ್ಲ. ಆ ತಂತಿಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅಕ್ಕನಿಗೆ ಓದಲು ಬರುವುದಿಲ್ಲ, ಆದರೆ ದಿನಾ ಆ ಹಟ್ಟಿ ಬಾಗಿಲಿನ ತಂತಿ ಬಿಚ್ಚುವವಳು ಅವಳೇ. ತೋರಿಸುವುದು ನಿಮ್ಮ ಕೈಯಲ್ಲಿದೆ. ಹೋದ ಸಾರಿ ನಾನು ಬಂದಾಗ ನೀರಿನ ತಂಬಿಗೆಯನ್ನು ಹೊಸ್ತಿಲ ಹೊರಗಿಟ್ಟು ಒಳಗೆ ಹೋದಳು. ಒಳಗೆ ಮಲಗಿದ್ದ ನೀವು ಎಚ್ಚರವಿದ್ದಿರಿ. ಗೋಡೆಯ ಕಡೆ ಹೊರಳಿದಿರಿ.