ಕ್ಲಾಸಿನಲ್ಲಿ ಅತ್ತೆಯ ಹೆಸರು

ಠಾಕುರ್ಲಿ,
೪ ಅಕ್ಟೋಬರ್ ೨೦೨೫

ಪೂಜ್ಯ ಅತ್ತೆಯವರಿಗೆ ಸೊಸೆ ಕಾಂಚನಾಳ ಶರಣು.

ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತೀರೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿಟ್ಟು ಸುಮ್ಮನಿದ್ದೀರೋ? ಜಮಖಂಡಿಯಲ್ಲಿ ಮಗಳ ಕೈಯೂಟ ಸೇರುತ್ತಿರಬೇಕು. ಫೋನ್ ಮಾಡಿದರೆ ‘ಗುರಮ್ಮಾ, ನಿಮ್ಮ ವೈನಿ ನೋಡವ್ವಾ’ ಎಂದು ಅವಳ ಕೈಗೆ ಕೊಟ್ಟು ಎದ್ದುಹೋಗುತ್ತೀರಿ. ಅದಕ್ಕೇ ಈ ಕಾಗದ. ಇದನ್ನಾದರೂ ನೀವೇ ಓದಿ.

ಇಲ್ಲಿ ಎಲ್ಲರೂ ಆರಾಮ. ನಿಮ್ಮ ಮಗ ಭಿವಂಡಿಯ ಗೋಡೌನಿನಿಂದ ಬಂದವರೇ ‘ಅವ್ವ ಏನಾರ ಅಂದ್ಳೇನ?’ ಎಂದು ಕೇಳುತ್ತಾರೆ. ಸ್ನೇಹಲ್‌ಳನ್ನು ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಎದುರುತ್ತರ ಕೊಡುತ್ತಾಳೆ. ನಿಮ್ಮ ಮೊಮ್ಮಗಳನ್ನು ಹದ್ದುಬಸ್ತಿನಲ್ಲಿಡುವುದು ನನ್ನಿಂದಾಗದು, ಬಂದುಬಿಡಿ ಅತ್ತೀ.

‘ಮಗಳು ಕಾಲೇಜಿಗೆ ಹೋಗೂ ಹೊತ್ತಿನ್ಯಾಗ ತಾಯೀನೂ ಹೊಂಟಾಳ, ನಾಲ್ಕು ಮಂದಿ ಏನಂದಾರು’ ಎಂದು ಸಿಟ್ಟು ಮಾಡಿಕೊಂಡು ಹೋದಿರಲ್ಲ, ಆ ಕಾಲೇಜಿನ ಸುದ್ದಿ ಕೇಳಿ. ಬಿ.ಎ. ಮೊದಲ ವರ್ಷಕ್ಕೆ ಸೂಕ್ಷ್ಮ ಅರ್ಥಶಾಸ್ತ್ರ ಅಂತ ಒಂದು ವಿಷಯ. ಹೆಸರು ಕೇಳಿಯೇ ಎದೆ ಧಸಕ್ಕೆಂದಿತ್ತು. ಒಳಹೊಕ್ಕು ನೋಡಿದರೆ ಬರೀ ನಮ್ಮ ಸಂತೆಯ ಮಾತು! ಟೊಮ್ಯಾಟೊ ತುಟ್ಟಿಯಾದರೆ ಜನ ಹುಣಸೆಹಣ್ಣಿಗೆ ಹೋಗುವುದಕ್ಕೂ ಬೋರ್ಡಿನ ಮೇಲೆ ಗೆರೆ ಎಳೆಯುತ್ತಾರೆ. ಆ ಗೆರೆ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ನನಗಿನ್ನೂ ಗೊಂದಲ, ಅದು ಬೇರೆ ಮಾತು.

ಮೊನ್ನೆ ಅನಘ ಮೇಡಂ ಹೊಸ ಪಾಠ ಮಾಡಿದರು. ಒಂದನ್ನು ಆರಿಸಿಕೊಂಡಾಗ ನಾವು ಕೈಬಿಡುವ ಇನ್ನೊಂದಿದೆಯಲ್ಲ, ಅದೇ ಅದರ ನಿಜವಾದ ವೆಚ್ಚವಂತೆ. ಹಾಗಾದರೆ ಮನೆಯಲ್ಲಿ ಮಾಡಿದ ಒಂದು ರೊಟ್ಟಿಯ ವೆಚ್ಚ ಏನು ಎಂದು ಕೇಳಿದರು. ಹುಡುಗರು ಹಿಟ್ಟು, ಗ್ಯಾಸು ಅಂದರು. ಮೇಡಂ ‘ಕಾಕೂ, ತುಮ್ಹೀ ಸಾಂಗಾ’ ಎಂದು ನನಗೇ ಉತ್ತರ ಹೇಳಲು ಹೇಳಿದರು. ಎದ್ದು ನಿಂತೆ. ಹಿಂದೊಮ್ಮೆ ಹಿಟ್ಟು ನಾದುತ್ತ ನೀವೇ ಹೇಳಿದ್ದು ನೆನಪಾಯಿತು. ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿದ್ದರೂ ಕೂಡುಮನೆಗೆ ರೊಟ್ಟಿ ಬಡಿಯುತ್ತ ಉಳಿದ ಒಬ್ಬ ಹೆಣ್ಣುಮಗಳಿದ್ದಾಳೆ, ಅವಳ ರೊಟ್ಟಿಯ ವೆಚ್ಚ ಅವಳು ಕಲಿಸಲಾಗದ ಶಾಲೆ ಎಂದೆ. ಯಾರವರು, ಹೆಸರೇನು ಎಂದರು ಮೇಡಂ. ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರು ಹೇಳುವಂತಿಲ್ಲ. ರೇಷನ್ ಆಫೀಸಿನಲ್ಲೂ ಸ್ನೇಹಲ್‌ಳ ಬಾಯಿಂದ ಹೇಳಿಸಿದವಳು ನಾನು. ಅಂದು ನಾನೇ ಬಾಯಿಬಿಟ್ಟು ಬಸವಣ್ಣೆವ್ವ ಎಂದೆ. ಹೇಳಿದವಳೇ ಕೂತುಬಿಟ್ಟೆ. ತಪ್ಪೆನಿಸಿದರೆ ಬೈಯಿರಿ. ನನಗಂತೂ ಬಹಳ ಹೆಮ್ಮೆಯಾಯಿತು.

ಗುರಮ್ಮನ ಮಕ್ಕಳಿಗೆ ಮುತ್ತು, ನಿಮ್ಮ ಪಾದಕ್ಕೆ ಹಣೆ ಹಚ್ಚಿ ನಮಸ್ಕಾರ.

ನಿಮ್ಮ ಸೊಸೆ,
ಕಾಂಚನಾ

ತಾ.ಕ.: ಕುಕ್ಕರ್ ಕೂಗುತ್ತಿದೆ, ಬೇಗ ಬರೆಯುತ್ತೇನೆ. ಮಾವನವರ ಪುಣ್ಯಸ್ಮರಣೆಯ ದಿನವೇ ಈ ವಿಷಯದ ಪರೀಕ್ಷೆ ಬಿದ್ದಿದೆ. ಬಿಡುವುದಿಲ್ಲ ಅತ್ತೀ, ಬರೆಯುತ್ತೇನೆ. ಇಲ್ಲೇ ಪಕ್ಕದ ಕಲ್ಯಾಣದ ಅಯ್ಯನವರು ಪೂಜೆಯನ್ನು ಸಂಜೆಗಿಟ್ಟುಕೊಳ್ಳಲು ಒಪ್ಪಿದ್ದಾರೆ. ಆದರೆ ಬೆಳಗ್ಗೆ ಹೋಳಿಗೆಗೆ ಹೂರಣ ರುಬ್ಬುವವರು ಬೇಕು, ನಾನು ಹೊಸ್ತಿಲು ದಾಟುವಾಗ ‘ಹೋಗಿ ಬಾರವ್ವಾ’ ಎನ್ನುವವರು ಬೇಕು. ಹೂರಣವನ್ನು ಹೇಗೋ ಸ್ನೇಹಲ್ ರುಬ್ಬಿಯಾಳು. ಇನ್ನೊಂದನ್ನು ನೀವೇ ಬಂದು ಹೇಳಬೇಕು.